11 ವರ್ಷದಲ್ಲಿ ನಮ್ಮ ಒಂದೇ ಹಾಡನ್ನ ನಾಲ್ಕು ಸಲ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ನಾನು ಒಂದು ಫಂಕ್ ಬ್ಯಾಂಡ್‌ನಲ್ಲಿ (ಲಯಾನೇ ಮುಖ್ಯವಾದ, ಕುಣಿಸೋ ಸಂಗೀತ) ಬೇಸ್ ಗಿಟಾರ್ ನುಡಿಸ್ತೀನಿ. ಬ್ಯಾಂಡ್ ಶುರುವಾದ ಎರಡನೇ ತಿಂಗಳಲ್ಲೇ ಕಟ್ಟಿದ ಒಂದು ಹಾಡು ಇದೆ, ಈಗ 11 ವರ್ಷ ಆಯ್ತು, ಇವತ್ತಿಗೂ ಪ್ರತಿ ಶೋನಲ್ಲೂ ನುಡಿಸ್ತೀವಿ, ಆದ್ರೆ ಮೊದಲ ರೆಕಾರ್ಡಿಂಗ್ ಮಾತ್ರ ಕೇಳಿದವರು ಈಗ ಕೇಳಿದ್ರೆ ಸಾಹಿತ್ಯ ಶುರುವಾದ ಮೇಲೇನೇ ಓ ಇದು ಅದೇ ಹಾಡಲ್ವಾ ಅಂತಾರೆ. ಅಷ್ಟು ಬದಲಾಗಿದೆ.

ಮೊದಲು ಕಟ್ಟಿದಾಗ ಸ್ಪೀಡ್ 118 ಬಿಪಿಎಂ, ಅಂದ್ರೆ ನಿಮಿಷಕ್ಕೆ 118 ಬೀಟ್. ಇ ನೈನ್ತ್ ಅನ್ನೋ ಒಂದೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೇ ಹೆಚ್ಚುಕಮ್ಮಿ ಪೂರ್ತಿ ಹಾಡು, ಕೋರಸ್‌ಗೆ ಮಾತ್ರ ಎ ಕಾರ್ಡ್‌ಗೆ ಹೋಗಿ ವಾಪಸ್. ನನ್ನ ಸ್ಲ್ಯಾಪ್ ರಿಫ್‌ನಲ್ಲಿ, ಅಂದ್ರೆ ಹೆಬ್ಬೆರಳಿಂದ ತಂತಿಗೆ ಹೊಡೆದು ಮತ್ತೆ ಮತ್ತೆ ನುಡಿಸೋ ತುಣುಕಿನಲ್ಲಿ, ಒಂದು ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತು) 13 ನೋಟ್ ಇತ್ತು. ಒಂದು ಬಾರ್‌ನಲ್ಲಿ ಇರೋದೇ 16 ಸಿಕ್ಸ್‌ಟೀನ್ತ್, ಅಂದ್ರೆ ಬೀಟಿನ ಕಾಲು ಭಾಗಗಳು, ಅದರಲ್ಲಿ 13 ನಾನೇ ತಗೊಂಡ್ರೆ ಬೇರೆಯವರಿಗೆ ಜಾಗ ಎಲ್ಲಿ. ಗಿಟಾರ್‌ನವನೂ ಕೈ ನಿಲ್ಲಿಸ್ತಿರಲಿಲ್ಲ, ಕೀಬೋರ್ಡೂ ಅಷ್ಟೇ, ಎಲ್ಲರೂ ಎಲ್ಲಾ ಹೊತ್ತೂ ನುಡಿಸ್ತಿದ್ವಿ. ಒಂದು ಶೋ ರೆಕಾರ್ಡಿಂಗನ್ನ ಆಮೇಲೆ ಮೆಟ್ರೋನೋಮ್ (ಸ್ಪೀಡ್ ಎಣಿಸೋ ಸಾಧನ) ಇಟ್ಟು ನೋಡಿದ್ರೆ ಕೊನೇ ಕೋರಸ್ ಹೊತ್ತಿಗೆ 126ಕ್ಕೆ ಓಡಿಬಿಟ್ಟಿತ್ತು.

ಮೂರನೇ ವರ್ಷ ಹೊಸ ಡ್ರಮ್ಮರ್ ಬಂದ. ಒಂದು ದಿನ ಪ್ರಾಕ್ಟೀಸ್‌ನಲ್ಲಿ ಅರ್ಧಕ್ಕೆ ನಿಲ್ಲಿಸಿ "ಒನ್ ಎಲ್ಲಿದೆ, ನಂಗೆ ಕೇಳಿಸ್ತಿಲ್ಲ" ಅಂದ. ಫಂಕ್ ರೂಪಿಸಿದ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತನ್ನ ಬ್ಯಾಂಡ್‌ಗೆ ಪಟ್ಟು ಹಿಡಿದು ಕಲಿಸಿದ್ದೇ ಇದನ್ನ, ಬಾರ್‌ನ ಮೊದಲ ಏಟು ಗಟ್ಟಿಯಾಗಿ ಬೀಳಬೇಕು, ಉಳಿದದ್ದು ಹೇಗೆ ಬೇಕಾದ್ರೂ ಆಡಲಿ. ತಾಳದಲ್ಲಿ ಸಮ ಅಂತೀವಲ್ಲ, ಎಲ್ಲರೂ ಬಂದು ಸೇರೋ ಜಾಗ. ಅವರ 1967ರ ಹಾಡು ಕೋಲ್ಡ್ ಸ್ವೆಟ್ ಕೇಳಿ ನೋಡಿ, ಕಾರ್ಡ್ ಬದಲಾಗೋದೇ ಅಪರೂಪ, ಎಲ್ಲಾ ವಾದ್ಯಾನೂ ಡ್ರಮ್ ಥರ ನಡ್ಕೊಳ್ತವೆ. ನಮ್ಮ ಡ್ರಮ್ಮರ್ ನನ್ನ ಕೈಯಿಂದ ಬೇಸ್ ಕೆಳಗಿಡಿಸಿ, ಅವನು ಕಿಕ್ಕೂ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಸ್ನೇರೂ (ಕೋಲಿಂದ ಹೊಡೆಯೋ ಚಿಕ್ಕ ಡ್ರಮ್) ಮಾತ್ರ ನುಡಿಸ್ತಾ ನಂಗೆ ಬಾಯಲ್ಲಿ ರಿಫ್ ಹಾಡೋಕೆ ಹೇಳಿದ. ಬಾಯಲ್ಲಿ ಹಾಡುವಾಗ ಉಸಿರಿಗೋಸ್ಕರ ನಾನು ಬಿಟ್ಟ ನೋಟ್‌ಗಳೆಲ್ಲ ಬೇಡವಾದವು ಅಂತ ಅವನ ಲೆಕ್ಕ, ಅದು ನಿಜ ಆಯ್ತು. 13 ಇದ್ದದ್ದು 5 ಆಯ್ತು. ಬಾರ್‌ನ ಕೊನೇ ಎರಡು ಸಿಕ್ಸ್‌ಟೀನ್ತ್ ಪೂರ್ತಿ ಖಾಲಿ, ತಂತಿ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸ್ತೀನಿ, ಆಮೇಲೆ ಒನ್. ಆ ಖಾಲಿ ಜಾಗಾನ ಆವತ್ತಿಂದ ಯಾವ ವರ್ಷನ್‌ನಲ್ಲೂ ಮುಟ್ಟಿಲ್ಲ.

ಐದನೇ ವರ್ಷ ಟ್ರಂಪೆಟ್ಟೂ ಆಲ್ಟೋ ಸ್ಯಾಕ್ಸೂ ಸೇರಿದ್ವು. ಇ ಅನ್ನೋದು ಗಿಟಾರ್ ಬೇಸ್‌ನವರಿಗೆ ಸಲೀಸು, ಕೆಳಗಿನ ಸ್ವರದ ತಂತೀಲಿ ಬೆರಳಿಡದೇನೇ ಸಿಗುತ್ತೆ. ಹಾರ್ನ್‌ನವರಿಗೆ, ಅಂದ್ರೆ ಊದೋರಿಗೆ, ಹಾಗಲ್ಲ, ಅವರ ವಾದ್ಯಗಳಲ್ಲಿ ಅದೇ ಸ್ವರಕ್ಕೆ ಹೆಸರು ಬೇರೆ, ನಮ್ಮ ಇ ಟ್ರಂಪೆಟ್‌ಗೆ ಎಫ್ ಶಾರ್ಪ್, ಆಲ್ಟೋಗೆ ಸಿ ಶಾರ್ಪ್. ಅರ್ಧ ಸ್ವರ ಇಳಿಸಿ ಇ ಫ್ಲಾಟ್ ಮಾಡಿದ್ರೆ ಅವರಿಗೆ ಎಫ್ ಮತ್ತು ಸಿ, ಬೆರಳಿಗೆ ಸುಲಭ. ಹಾಗಾಗಿ ನಾನೂ ಗಿಟಾರ್‌ನವನೂ ಎಲ್ಲಾ ತಂತೀನೂ ಅರ್ಧ ಸ್ವರ ಇಳಿಸಿದ್ವಿ, ತಂತಿ ಸಡಿಲ ಆಗಿ ಸ್ಲ್ಯಾಪ್ ಮಾಡಿದ್ರೆ ಪಟಪಟ ಅನ್ನೋಕೆ ಶುರುವಾಯ್ತು, ಒಂದು ಸೈಜ್ ದಪ್ಪ ತಂತಿ ಹಾಕಿದ್ಮೇಲೆ ಸರಿ ಹೋಯ್ತು. ಹಾಡುವವಳು ಖುಷಿಯಾದಳು, ಕೋರಸ್‌ನ ಮೇಲಿನ ಸ್ವರ ಅವಳಿಗೆ ಯಾವಾಗಲೂ ಬಿಗಿಯಾಗ್ತಿತ್ತು.

ದೊಡ್ಡ ಬದಲಾವಣೆ ಅಂದ್ರೆ ಮೂರನೇದು, ಸ್ಪೀಡ್ ಇಳಿಸಿದ್ದು. ಇದಕ್ಕೆ ಬ್ಯಾಂಡ್‌ನಲ್ಲಿ ಜಗಳಾನೇ ಆಯ್ತು, ಜನಕ್ಕೆ ಇಷ್ಟವಾಗಿರೋದನ್ನ ಯಾಕೆ ಕೆಡಿಸ್ತೀರಾ ಅಂತ ಗಿಟಾರ್‌ನವನು. ನಾನು ಅವನಿಗೆ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅನ್ನೋ ಅಮೆರಿಕದ ಬ್ಯಾಂಡ್‌ದು ಎರಡು ಟ್ರ್ಯಾಕ್ ಒಂದರ ಹಿಂದೆ ಒಂದು ಹಾಕಿ ಕೇಳಿಸಿದೆ, 1969ರ ಥ್ಯಾಂಕ್ ಯೂ, ಅವರ ಬೇಸ್‌ನವನು ಲ್ಯಾರಿ ಗ್ರಹಾಂ ಹೆಬ್ಬೆರಳಲ್ಲಿ ನುಡಿಸಿದ ಬೇಸ್ ಇರೋದು, ಆಮೇಲೆ 1971ರ ಆಲ್ಬಂನ ಕೊನೇಲಿ ಅದೇ ಸಾಹಿತ್ಯಾನ ನಿಧಾನಕ್ಕೆ, ಎಳೆದು, ಮಬ್ಬಾಗಿ ಮತ್ತೆ ಮಾಡಿರೋದು. ಎರಡೇ ವರ್ಷದ ಅಂತರ, ಅದೇ ಮಾತು, ಮೊದಲನೇದು ಕುಣಿಸುತ್ತೆ, ಎರಡನೇದು ಎದೆ ಮೇಲೆ ಕಲ್ಲಿಟ್ಟ ಹಾಗೆ. ಜಾಝ್ ಪಿಯಾನೋದ ಹರ್ಬಿ ಹ್ಯಾನ್ಕಾಕ್ ಕೂಡ ತಮ್ಮ 1962ರ ಹಾಡು ವಾಟರ್‌ಮೆಲನ್ ಮ್ಯಾನನ್ನ 1973ರಲ್ಲಿ ಫಂಕ್ ಮಾಡಿದಾಗ ಅವರ ಬ್ಯಾಂಡ್‌ನ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದೋದ್ರಿಂದ ಶುರು ಮಾಡಿದ್ರು, ರಾಗ ಬರೋ ತನಕ ಯಾವ ಹಾಡು ಅಂತ ಸುಳಿವೇ ಇರಲ್ಲ. ಅದನ್ನೂ ಕೇಳಿದ್ಮೇಲೆ ಗಿಟಾರ್‌ನವನು ಒಂದು ತಿಂಗಳು ನೋಡೋಣ ಅಂತ ಒಪ್ಪಿದ.

100 ಬಿಪಿಎಂಗೆ ಇಳಿಸಿದ್ವಿ. 118ರಲ್ಲಿ ಒಂದು ಸಿಕ್ಸ್‌ಟೀನ್ತ್ ಅಂದ್ರೆ ಸುಮಾರು 127 ಮಿಲಿಸೆಕೆಂಡ್, 100ರಲ್ಲಿ 150. ಕೇಳೋಕೆ ಇಷ್ಟೇನಾ ಅನ್ಸುತ್ತೆ, ಆದ್ರೆ ಆ 23 ಮಿಲಿಸೆಕೆಂಡ್‌ನಲ್ಲಿ ಎಲ್ಲಾ ಬಯಲಾಗುತ್ತೆ, ಸ್ಪೀಡ್‌ನಲ್ಲಿ ಮುಚ್ಚಿಹೋಗ್ತಿದ್ದ ತಪ್ಪೆಲ್ಲ ಎದ್ದು ಕಾಣುತ್ತೆ. ನಾನು ಮುಂದೆ ಓಡ್ತಿದ್ದೆ, ಕೀಬೋರ್ಡ್ ಹಿಂದೆ ಬೀಳ್ತಿತ್ತು. ಮೂರು ವಾರ ಬೇರೇನೂ ಮಾಡದೆ ಬರೀ ನಾಲ್ಕು ಬಾರನ್ನ ಸುತ್ತಿ ಸುತ್ತಿ ನುಡಿಸಿದ್ವಿ, ಒಮ್ಮೊಮ್ಮೆ 20 ನಿಮಿಷ ನಿಲ್ಲಿಸದೆ. ಡ್ರಮ್ಮರ್ ಸ್ನೇರ್‌ನಲ್ಲಿ ಘೋಸ್ಟ್ ನೋಟ್ ಹಾಕೋಕೆ ಶುರು ಮಾಡಿದ, ಕೋಲು ಚರ್ಮಕ್ಕೆ ಬರೀ ತಾಗಿಸೋದು, ಕೇಳಿಸೋದಕ್ಕಿಂತ ಮೈಗೆ ಗೊತ್ತಾಗೋದು. ಅವನ ಘೋಸ್ಟ್ ನೋಟ್ ಸ್ವಲ್ಪ ಸ್ವಿಂಗ್ ಆಗ್ತಿತ್ತು, ಅಂದ್ರೆ ಸಮ ಅಂತರ ಬಿಟ್ಟು ಕೊಂಚ ತೂಗಾಡ್ತಿತ್ತು, ನನ್ನ ನೋಟ್ ನೇರ ಇತ್ತು, ಯಾಕೆ ಕೂಡ್ತಿಲ್ಲ ಅಂತ ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಅದೇ. ನಾನು ಅವನ ಕಡೆ ವಾಲಿದೆ, ಆವತ್ತು ಸಂಜೆ ಹಾಡು ಕೂತ್ಕೊಂಡ್ತು. ಗಿಟಾರ್‌ನವನೇ ಮೊದಲು ನಕ್ಕಿದ್ದು.

ನಾಲ್ಕನೇದು ಕೀಬೋರ್ಡ್‌ನವರು ಬಿಟ್ಟು ಹೋದ್ಮೇಲೆ. ಅವರ ಜಾಗಕ್ಕೆ ಸಿಂಥ್ ಬೇಸ್ (ಎಲೆಕ್ಟ್ರಾನಿಕ್ ಬೇಸ್ ಸದ್ದು) ಹಾಕಿ ನಾಲ್ಕು ತಿಂಗಳು ನುಡಿಸಿದ್ವಿ, ಚೆನ್ನಾಗಿರಲಿಲ್ಲ, ಸಿಂಥ್ ನೋಟ್ ಉದ್ದಕ್ಕೆ ಹರಿದು ಆ ಖಾಲಿ ಜಾಗಾನ ತುಂಬಿಬಿಡ್ತಿತ್ತು, ತೆಗೆದು ಹಾಕಿದ್ವಿ. ಕೀಬೋರ್ಡ್‌ನವರು ನುಡಿಸ್ತಿದ್ದ ಕ್ಲಾವಿನೆಟ್ (ತಂತಿ ಸದ್ದಿನ ಕೀಬೋರ್ಡ್) ಪಾರ್ಟನ್ನ ಹಾರ್ನ್‌ಗಳಿಗೆ ಹಂಚಿದ್ವಿ, ಉಳಿದದ್ದನ್ನ ಬಿಟ್ವಿ.

ಒಂದು ಮಾತು, ಇಂಥದ್ದು ಮಾಡೋರು ಪ್ರತಿ ಪ್ರಾಕ್ಟೀಸನ್ನೂ ಫೋನ್‌ನಲ್ಲಾದ್ರೂ ರೆಕಾರ್ಡ್ ಮಾಡಿ ತಾರೀಖು ಹಾಕಿಡಿ, ಒಂದು ವಾರ ಬಿಟ್ಟು ಕೇಳಿ. ಆ ಹೊತ್ತಲ್ಲಿ ಅದ್ಭುತ ಅನ್ಸಿದ್ದು ಒಂದು ವಾರಕ್ಕೆ ಬೇರೆ ಥರ ಕೇಳುತ್ತೆ.

ಈ ವರ್ಷ ಹಳೇ ಗಿಟಾರ್‌ನವನ ಜಾಗಕ್ಕೆ ಹೊಸ ಹುಡುಗಿ ಬಂದಿದಾಳೆ. ಹಾಡು ಕಲಿಯೋಕೆ ಅವಳಿಗೆ ಎಲ್ಲಾ ರೆಕಾರ್ಡಿಂಗೂ ಕಳಿಸಿದ್ದೆ, ಹೋದ ವಾರ ಎರಡನೇ ಕೋರಸ್ ಆದ್ಮೇಲೆ ಅವಳು ನನ್ನ ಮೊದಲನೇ ವರ್ಷದ 13 ನೋಟಿನ ರಿಫನ್ನ ಎರಡು ಆಕ್ಟೇವ್ (ಸ್ಥಾಯಿ) ಮೇಲೆ ಮೆಲ್ಲಗೆ ನುಡಿಸಿಬಿಟ್ಟಳು, ಕೊನೇ ಎರಡು ಸಿಕ್ಸ್‌ಟೀನ್ತ್ ಮಾತ್ರ ತಾನೇ ಬಿಟ್ಟು. ನಾನು ಕೆಳಗೆ ಐದೇ ನೋಟ್ ಹಿಡ್ಕೊಂಡು ಅದನ್ನ ಕೇಳ್ತಾ ನಿಂತಿದ್ದೆ, ಕಣ್ಣು ತುಂಬಿ ಬಂತು. ಅಲ್ಲಿ ಹಾರ್ನ್ ಅಡ್ಡ ಬರ್ತಿದೆ, ಮುಂದಿನ ಪ್ರಾಕ್ಟೀಸ್‌ನಲ್ಲಿ ಅವರಿಗೆ ಆ ಎಂಟು ಬಾರ್ ಸುಮ್ನಿರೋಕೆ ಹೇಳಬೇಕು.