ಸೆಟ್‌ಬ್ಯಾಕ್ ಮುಟ್ಟದೆ ಹಿತ್ತಲಲ್ಲಿ ಶೆಡ್ಡು: ದಾವಣಗೆರೆಯಲ್ಲಿ ನನ್ನ ಅನುಭವ

ಹಿತ್ತಲಿನ ಶೆಡ್ಡನ್ನ ಸೆಟ್‌ಬ್ಯಾಕ್ (ಸೈಟಿನ ಅಂಚಿಂದ ಕಟ್ಟಡದವರೆಗೆ ಖಾಲಿ ಬಿಡಬೇಕಾದ ಜಾಗ) ಬಿಟ್ಟು, ಮನೆ ಪ್ಲಾನಿನಲ್ಲೇ ತೋರಿಸಿ ಲೈಸೆನ್ಸ್ ತಗೊಳ್ತೀನಿ ಅಂದಾಗ ನನ್ನ ಹಾಗೇ ಶೆಡ್ಡು ಹಾಕೋ ವೆಲ್ಡಿಂಗ್ ಲೈನಿನವರೇ ನಂಬಲಿಲ್ಲ. “ನಾಲ್ಕು ಕಂಬ, ಮೇಲೆ ಶೀಟು, ಅದಕ್ಕೆಲ್ಲ ಯಾರಣ್ಣ ಪ್ಲಾನ್ ಮಾಡಿಸ್ತಾರೆ?” ಅಂದ್ರು. ಮೊನ್ನೆ ಸಾಲದ ಸಲುವಾಗಿ ಬ್ಯಾಂಕಿನ ವ್ಯಾಲ್ಯುಯರ್ (ಆಸ್ತಿಗೆ ಬೆಲೆ ಕಟ್ಟೋರು) ಬಂದು ಟೇಪ್ ಹಿಡಿದ್ರು. ಪ್ಲಾನಿಗೂ ಜಾಗಕ್ಕೂ ತಾಳೆ ಆಯ್ತು, ಒಂದು ಪ್ರಶ್ನೆ ಬರಲಿಲ್ಲ. ಅದಕ್ಕೇ ಬರೀತಿದ್ದೀನಿ.

ಬೋಲ್ಟ್ ಬಿಚ್ಚಿದರೆ ಎದ್ದು ಬರೋ ಶೆಡ್ಡು ಕಟ್ಟಡ ಅಲ್ಲ ಅನ್ನೋ ಮಾತು ನಮ್ಮಲ್ಲಿ ಬಹಳ ಓಡುತ್ತೆ. ಆದರೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಶೆಡ್ಡು, ಗುಡಿಸಲನ್ನೂ ಕಟ್ಟಡದ ಲೆಕ್ಕಕ್ಕೇ ಸೇರಿಸಿದೆ. ಇಟ್ಟಿಗೆ, ಮಣ್ಣು, ಕಟ್ಟಿಗೆ, ಲೋಹ ಯಾವುದರದ್ದಾದರೂ ಸರಿ. ಹಿಂದೆ ಒಬ್ಬ ಗಿರಾಕಿ ಹಠ ಹಿಡಿದು ಕಾಂಪೌಂಡಿಗೆ ಒತ್ತಿಸಿಯೇ ಶೆಡ್ಡು ಹಾಕಿಸಿದ್ರು. ಮಳೆ ನೀರು ಪಕ್ಕದ ಮನೆ ಗೋಡೆಗೆ ಬಿತ್ತು, ಪಕ್ಕದವರು ಪಾಲಿಕೆಗೆ ಅರ್ಜಿ ಕೊಟ್ರು, ನೋಟಿಸ್ ಬಂತು, ಶೆಡ್ಡು ಬಿಚ್ಚಬೇಕಾಯ್ತು. ಸುಮಾರು 45 ಸಾವಿರದ ಮಾಲು ಗುಜರಿಗೆ ಹೋಗಿ ಗಿರಾಕಿ ಕೈಗೆ ಒಂಬತ್ತೋ ಹತ್ತೋ ಸಾವಿರ ಬಂತು. ಬಿಚ್ಚಿದ ಕೂಲಿ ಬೇರೆ.

ನನ್ನದು 40x60 ಸೈಟು. ಎಂಜಿನಿಯರ್ ಹತ್ತಿರ ಮೊದಲು ಸೆಟ್‌ಬ್ಯಾಕ್ ಗೆರೆ ಹಾಕಿಸಿ, ಕವರೇಜಿನಲ್ಲಿ (ಸೈಟಿನಲ್ಲಿ ಕಟ್ಟಡಕ್ಕೆ ಮುಚ್ಚಬಹುದಾದ ಜಾಗ) 120 ಚದರಡಿ ಶೆಡ್ಡಿಗೇ ಅಂತ ಎತ್ತಿಟ್ಟು, ಉಳಿದಿದ್ದರಲ್ಲಿ ಮನೆ ಬರೆಸಿದೆ. ಹಿಂದಿನ ಬೆಡ್‌ರೂಮು ಸ್ವಲ್ಪ ಚಿಕ್ಕದಾಯ್ತು. ಮನೆಯವರು ಬೇಸರ ಮಾಡಿಕೊಂಡ್ರು. ಈಗ ಮೆಕ್ಕೆಜೋಳದ ಚೀಲ, ಡ್ರಿಪ್ ಪೈಪು, ಸ್ಪ್ರೇ ಪಂಪು ಮನೆಯೊಳಗೆ ಬರಲ್ಲ ಅಂತ ಅವರೇ ಹೇಳ್ತಾರೆ. ಶೆಡ್ಡು ನೈರುತ್ಯದಲ್ಲಿ, ಸೆಟ್‌ಬ್ಯಾಕ್ ಗೆರೆ ದಾಟದೆ, ಮನೆ ಗೋಡೆಗೆ ಅಂಟಿಕೊಂಡಿದೆ. ಭಾರ ನೈರುತ್ಯಕ್ಕೇ ಇರಲಿ ಅನ್ನೋ ಹಿರಿಯರಿಗೂ ಸಮಾಧಾನ, ಒಂದು ಬದಿ ಶೀಟಿನ ಖರ್ಚೂ ಉಳೀತು. ಮುಂಗಾರಿನ ಗಾಳಿ ಪಶ್ಚಿಮದಿಂದ ಹೊಡೆಯೋದರಿಂದ ಆ ಬದಿ ಪೂರ್ತಿ ಮುಚ್ಚಿ, ಬಾಗಿಲನ್ನ ಉತ್ತರಕ್ಕೆ ಇಟ್ಟೆ. ಮಾಡಿನ ಇಳಿಜಾರು ನಮ್ಮ ಅಂಗಳಕ್ಕೇ.

ಕಾಟ ಕೊಟ್ಟಿದ್ದು ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ದರೆ ಉಬ್ಬುತ್ತೆ. ಮೊದಲು ಎರಡು ಅಡಿ ಗುಂಡಿಯಲ್ಲಿ ನಿಲ್ಲಿಸಿದ ಕಂಬ ಮುಂಗಾರು ಮುಗಿಯೋದ್ರೊಳಗೆ ವಾಲಿತ್ತು. ಮತ್ತೆ ಮೂರೂವರೆ ಅಡಿ ತೋಡಿಸಿ, ಎರೆ ಪೂರ್ತಿ ತೆಗೆಸಿ, ಗರಸು ತುಂಬಿ ನೀರು ಹಾಕಿ ದಮ್ಮಸ್ಸು ಮಾಡಿಸಿದೆ. ಅದಕ್ಕೇ ಏಳೆಂಟು ಸಾವಿರ ಹೆಚ್ಚಿಗೆ ಹೋಯ್ತು. ಆಮೇಲೆ ಕೂದಲೆಳೆಯಷ್ಟೂ ಅಲುಗಿಲ್ಲ. ಪೈಪಿನ ಬುಡಕ್ಕೆ ತುಕ್ಕು ಹತ್ತದ ಹಾಗೆ ಒಳಗೆ ಏನು ತುಂಬ್ತೀನಿ ಅನ್ನೋದನ್ನ ಮಾತ್ರ ಬರೆಯಲ್ಲ, ಅದು ನನ್ನ ಅನ್ನ.

ಶೀಟು ಕೊಳ್ಳುವಾಗ ದಪ್ಪ ಅಳೆಯೋ ಮೈಕ್ರೋಮೀಟರ್ ಜೇಬಲ್ಲಿರಲಿ. ಅರ್ಧ ಎಂಎಂ ಅಂತ ಬಿಲ್ ಹಾಕಿದ ಅಂಗಡಿಯ ಶೀಟು ಅಳೆದರೆ 0.42 ತೋರಿಸ್ತು. ಲೋಡ್ ಪೂರ್ತಿ ವಾಪಸ್ ಕಳಿಸಿದೆ.

ಒಂದು ಪ್ರಯೋಗಾನೂ ಮಾಡಿದೆ: ಮಾಡಿನ ಅರ್ಧಕ್ಕೆ ಸುಣ್ಣದ ಜೊತೆ ಫೆವಿಕಾಲ್ ಕಲಸಿ ಬಳಿದೆ. ಏಪ್ರಿಲ್ ಮಧ್ಯಾಹ್ನ ಆ ಬದಿ ಶೀಟಿನ ಕೆಳಗೆ ನಾಲ್ಕೈದು ಡಿಗ್ರಿ ಕಡಿಮೆ. ಆದರೆ ಎರಡು ದೊಡ್ಡ ಮಳೆಗೆ ತೊಳೆದು ಹೋಯ್ತು. ಈ ಬೇಸಿಗೆಗೆ ಬಿಳಿ ಸಿಮೆಂಟ್ ಸೇರಿಸಿ ನೋಡಬೇಕು. ಚಳಿಗಾಲದ ಬೆಳಗ್ಗೆ ಶೀಟಿನ ಒಳಮೈ ಬೆವರಿ ಚೀಲದ ಮೇಲೆ ತೊಟ್ಟಿಕ್ಕೋದು ಇದರಿಂದ ನಿಲ್ಲಲಿಲ್ಲ. ಮಾಡಿನ ಕೆಳಗೆ ಎದುರುಬದುರು ಆರಿಂಚು ಜಾಲರಿ ಬಿಟ್ಟ ಮೇಲೆ ನಿಂತಿತು.

ಗುಂಡಿ, ಗರಸು, ಪೈಪು, ಶೀಟು, ಕೂಲಿ ಎಲ್ಲಾ ಸೇರಿ 65 ಸಾವಿರದ ಆಸುಪಾಸು.

ಪ್ಲಾನ್ ಆಗಲೇ ಪಾಸಾಗಿದೆ ಅನ್ನೋರು ಹಾಳೆಯ ಮೂಲೆಯಲ್ಲಿರೋ ಏರಿಯಾ ಪಟ್ಟಿ ನೋಡಿ. ಕವರೇಜು ಉಳಿದಿದ್ದು, ಸೆಟ್‌ಬ್ಯಾಕ್ ಗೆರೆ ಒಳಗೆ ಜಾಗಾನೂ ಇದ್ದರೆ ರಿವೈಸ್ಡ್ ಪ್ಲಾನ್ ಹಾಕಿಸಿ, ಆಮೇಲೆ ಪೈಪು ತನ್ನಿ. ಉಳಿದಿಲ್ಲ ಅಂದರೆ ಶೆಡ್ಡು ಹಾಕಿಸಬೇಡಿ. ನಾನಂತೂ ಈ ವರ್ಷ ಅಂಥ ಎರಡು ಮೂರು ಕೆಲಸ ಬಿಟ್ಟಿದ್ದೀನಿ.