ಮೊದಲು ಪಟ್ಟಿ, ಆಮೇಲೆ ಪರೀಕ್ಷೆ: ಮಾರ್ಷಲ್ ದ್ವೀಪಗಳಲ್ಲಿ ನನ್ನ ಅನುಭವ

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಅಣುಬಾಂಬ್ ಪರೀಕ್ಷೆಯ ವಿಕಿರಣಕ್ಕೆ ಸಿಕ್ಕಿದ ಜನರನ್ನು ಮುಂದೆಯೂ ವರ್ಷ ವರ್ಷ ಹೇಗೆ ತಪಾಸಣೆ ಮಾಡಬೇಕು ಅಂತ ಯೋಜನೆ ಹಾಕುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಬಂತು. ಎಲ್ಲರೂ ಮೊದಲು ಕೇಳಿದ್ದು ಯಾವ ಟೆಸ್ಟ್, ಯಾವ ಮಷೀನ್ ಅಂತ. ನಾನು ಮೈಸೂರಿನಲ್ಲಿ ಓದಿದ ಡಾಕ್ಟರ್, ನನಗೂ ಅದು ಸುಲಭದ ಪ್ರಶ್ನೆಯೇ. ಜಾಸ್ತಿ ಸಮಯ ಹಿಡಿದದ್ದು ಬೇರೆಯದು. ಯಾರನ್ನು ನೋಡಬೇಕು, ಅವರು ಈಗ ಎಲ್ಲಿದ್ದಾರೆ?

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. 1954ರ ಮಾರ್ಚ್ 1ರಂದು ಅಮೆರಿಕ ಅಲ್ಲಿನ ಬಿಕಿನಿ ದ್ವೀಪದಲ್ಲಿ ಬ್ರಾವೋ ಎಂಬ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಶಕ್ತಿ 15 ಮೆಗಾಟನ್, ಅಂದುಕೊಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಸುಟ್ಟ ಹವಳದ ಬಿಳಿ ಪುಡಿ ಪೂರ್ವಕ್ಕೆ ಹಾರಿ ರೊಂಗೆಲಾಪ್ ದ್ವೀಪದ ಮೇಲೆ ಉದುರಿತು. ಮಕ್ಕಳು ಅದರಲ್ಲೇ ಆಡಿದರು, ಕುಡಿಯೋ ನೀರಿಗೂ ಬಿತ್ತು. ಅಲ್ಲಿ 64 ಜನ ಇದ್ದರು, ಪಕ್ಕದ ಐಲಿಂಗಿನೇಯಲ್ಲಿ 18, ದೂರದ ಉತ್ರಿಕ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು. ಎರಡು-ಮೂರು ದಿನ ಆದಮೇಲೆ ಇವರನ್ನು ಅಮೆರಿಕದ ನೆಲೆ ಇದ್ದ ಕ್ವಾಜಲೀನ್‌ಗೆ ಕರೆದುಕೊಂಡು ಹೋದರು.

ಎಷ್ಟು ವರ್ಷ ನೋಡಬೇಕು ಅನ್ನೋದಕ್ಕೆ ಹಳೇ ದಾಖಲೆಯಲ್ಲೇ ಉತ್ತರ ಇದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಡಾಕ್ಟರುಗಳು ಹೆಚ್ಚುಕಮ್ಮಿ ಪ್ರತಿ ವರ್ಷ ಬಂದು ನೋಡುತ್ತಿದ್ದರು. ಉದುರಿದ ಕೂದಲು ಮತ್ತೆ ಬಂತು, ಚರ್ಮದ ಸುಟ್ಟ ಗಾಯ ಮಾಯಿತು. ಎಲ್ಲಾ ಸರಿಹೋಯಿತು ಅನ್ನಿಸುವ ಹೊತ್ತಿಗೆ, 1963ರಲ್ಲಿ, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಮೊದಲ ಗಂಟು ಕಂಡಿತು. ಅಂದರೆ ಒಂಬತ್ತು ವರ್ಷ. ಐದು ವರ್ಷಕ್ಕೆ ಫೈಲ್ ಮುಚ್ಚಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಚಿಕ್ಕ ಮಕ್ಕಳಿಗೇ ಪೆಟ್ಟು ಜಾಸ್ತಿ. ಗ್ರಂಥಿ ಪುಟ್ಟದು, ಬಾಂಬಿನ ಪುಡಿಯಲ್ಲಿದ್ದ ವಿಕಿರಣದ ಅಯೋಡಿನ್ ದೊಡ್ಡವರಿಗೆ ಹೋದಷ್ಟೇ ಒಳಗೆ ಹೋದರೂ ಅದಕ್ಕೆ ಬೀಳುವ ಡೋಸ್ ದೊಡ್ಡದು. ಬಾಂಬ್ ಸಿಡಿದಾಗ ಒಂದು ವರ್ಷದ ಕೂಸಾಗಿದ್ದ ಹುಡುಗ 1972ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ಹೋದ. ಉತ್ರಿಕ್‌ಗೆ ಡೋಸ್ ಕಮ್ಮಿ ಅಂತ ಅಷ್ಟಾಗಿ ಗಮನ ಕೊಟ್ಟಿರಲಿಲ್ಲ, ಅಲ್ಲೂ ತಡವಾಗಿ ಗಂಟುಗಳು ಕಾಣಿಸಿಕೊಂಡವು. ಹಾಗಾಗಿ ನಮ್ಮ ಯೋಜನೆಯಲ್ಲಿ ಮುಗಿಯುವ ದಿನಾಂಕ ಅಂತ ನಾವು ಬರೆಯಲೇ ಇಲ್ಲ. ಬದುಕಿರುವವರೆಗೂ ನೋಡೋದು, ಅಷ್ಟೇ.

ಪಟ್ಟಿಯ ಕಥೆಗೆ ಬರ್ತೀನಿ. ಹಳೇ ಕಾಗದಗಳಲ್ಲಿ ಒಬ್ಬರ ಹೆಸರೇ ಮೂರು ಥರ ಬರೆದಿದೆ, ಹುಟ್ಟಿದ ವರ್ಷ ಅಂದಾಜು. ಅಲ್ಲಿ ನೆಂಟರ ಮಗುವನ್ನು ಸಾಕಿಕೊಳ್ಳೋದು ಮಾಮೂಲಿ, ಆದ್ದರಿಂದ ಸಾಕಿದವರ ಹೆಸರು ಒಂದು ಕಡೆ, ಹೆತ್ತವರದು ಇನ್ನೊಂದು ಕಡೆ. ಕಂಪ್ಯೂಟರ್‌ನಲ್ಲಿ ಹೊಂದಿಸಲು ಕೂತರೆ ತಲೆ ಕೆಡುತ್ತೆ. ಎಬೈ ದ್ವೀಪದಲ್ಲಿ ಒಬ್ಬ ಬುಬು, ಅಂದರೆ ಅಜ್ಜಿ, ಚಾಪೆ ಮೇಲೆ ಕೂತು ನಮ್ಮ ಪಟ್ಟಿಯನ್ನು ಓದಿಸಿಕೊಂಡರು. ಭೂಮಿಯ ಹಕ್ಕು ಅಲ್ಲಿ ತಾಯಿ ಕಡೆಯಿಂದ ಬರುತ್ತೆ, ಅವರಿಗೆ ಯಾರ ತಾಯಿ ಯಾರು ಅನ್ನೋದು ಬಾಯಿಪಾಠ. ನಾವು ಇಬ್ಬರು ಅಂದುಕೊಂಡಿದ್ದ ಹೆಸರುಗಳನ್ನು ತೋರಿಸಿ, "ಇದು ಒಬ್ಬಳೇ, ನನ್ನ ತಂಗಿಯ ಮಗಳು, ಈಗ ಅಮೆರಿಕದ ಅರ್ಕಾನ್ಸಾದಲ್ಲಿ ಇದ್ದಾಳೆ" ಅಂದರು. ಅಲ್ಲಿಂದಾಚೆಗೆ ನಮ್ಮ ಫಾರಂನಲ್ಲಿ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಮೊದಲು, ಹುಟ್ಟಿದ ದಿನಾಂಕ ಆಮೇಲೆ.

ಹೋಲಿಕೆಗೆ ಇಟ್ಟುಕೊಂಡ ಗುಂಪಿನದು ಇನ್ನೊಂದು ತೊಡಕು. ಬಾಂಬ್ ದಿನ ಊರಲ್ಲಿ ಇಲ್ಲದ ರೊಂಗೆಲಾಪ್‌ನವರನ್ನು ಬ್ರೂಕ್‌ಹೇವನ್‌ನವರು ವಿಕಿರಣ ತಾಕದವರು ಅಂತ ಹಾಕಿದ್ದರು. ಆದರೆ 1957ರಲ್ಲಿ ಎಲ್ಲರೂ ಜೊತೆಗೇ ಊರಿಗೆ ಮರಳಿದರು, ಅದೇ ತೆಂಗಿನಕಾಯಿ, ಅದೇ ಏಡಿ ತಿಂದರು. ಹವಳದ ನೆಲದಲ್ಲಿ ಪೊಟ್ಯಾಸಿಯಂ ಕಮ್ಮಿ, ಗಿಡಗಳು ಅದರ ಬದಲು ಬಾಂಬಿನಿಂದ ಬಂದ ವಿಕಿರಣದ ಸೀಸಿಯಂ ಹೀರಿಕೊಳ್ಳುತ್ತವೆ. ಹಾಗಿದ್ದಮೇಲೆ ಇವರನ್ನು ಪೂರ್ತಿ ಹೊರಗಿನವರು ಅನ್ನೋದು ಹೇಗೆ? ಅಂಕಿಅಂಶದವರಿಗೆ ಬೇಜಾರಾದರೂ ಪರವಾಗಿಲ್ಲ, ಈ ಗುಂಪಿಗೂ ಅದೇ ತಪಾಸಣೆ, ಅದೇ ಔಷಧಿ ಇರಬೇಕು ಅಂತ ನಾನು ಹಟ ಹಿಡಿದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಡಾಕ್ಟರು, ತಂಗಿಗೆ ಬರೀ ರಕ್ತ ತೆಗೆಯೋದು ಅಂದರೆ ಯಾರು ಒಪ್ತಾರೆ?

ಡಾಕ್ಟರುಗಳು ತಮ್ಮನ್ನು ಬರೀ ಪ್ರಯೋಗಕ್ಕೆ ಬಳಸುತ್ತಾರೆ ಅನ್ನೋ ಅನುಮಾನ ಊರವರಿಗೆ ಇದೆ, ಅದಕ್ಕೆ ಕಾರಣವೂ ಇದೆ. ಬಾಂಬ್ ಆದ ಕೂಡಲೇ ಶುರುವಾದ ಅಧ್ಯಯನಕ್ಕೆ ಪ್ರಾಜೆಕ್ಟ್ 4.1 ಅಂತ ಹೆಸರು, ಊರವರಿಗೆಲ್ಲ ಆ ನಂಬರ್ ಗೊತ್ತು. 1985ರಲ್ಲಿ ಊರಿನ ವಿಕಿರಣಕ್ಕೆ ಹೆದರಿ, ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ರೇನ್‌ಬೋ ವಾರಿಯರ್ ಹಡಗಿನಲ್ಲಿ ರೊಂಗೆಲಾಪ್‌ನವರೇ ಊರು ಬಿಟ್ಟು ಮೆಜಾಟೋ ದ್ವೀಪಕ್ಕೆ ಹೋದರು. ಆದ್ದರಿಂದ ಸಭೆಯಲ್ಲಿ ನಾವು ಮೊದಲು ಹೇಳಿದ್ದು ಒಂದೇ: ಪ್ರತಿಯೊಂದು ರಿಪೋರ್ಟಿನ ನಕಲು ಮಾರ್ಷಲೀಸ್ ಭಾಷೆಯಲ್ಲಿ ನಿಮ್ಮ ಕೈಗೇ ಬರುತ್ತೆ. ರಕ್ತ ಕೊಟ್ಟರೂ ಕೊಡದಿದ್ದರೂ ಚಿಕಿತ್ಸೆ ನಿಲ್ಲಲ್ಲ.

ಟೆಸ್ಟ್‌ಗಳ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಕುತ್ತಿಗೆ ಮುಟ್ಟಿ ನೋಡೋದು, ಥೈರಾಯ್ಡ್ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ, ರಕ್ತದ ಕ್ಯಾಲ್ಸಿಯಂ, ಅಲ್ಟ್ರಾಸೌಂಡ್. ಆದರೆ ವಯಸ್ಸಾದವರಿಗೆ ಅಲ್ಟ್ರಾಸೌಂಡ್ ಇಟ್ಟರೆ ಎಲ್ಲಿ ನೋಡಿದರೂ ಪುಟ್ಟ ಗಂಟುಗಳು ಸಿಗುತ್ತವೆ, ಮೈಸೂರಲ್ಲೂ ಸಿಗುತ್ತವೆ. ಯಾವ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ಮಷೀನ್ ಹಡಗು ಹತ್ತುವ ಮೊದಲೇ ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಸುಮ್ನೆ ಜನರನ್ನು ಹೆದರಿಸಿದ ಹಾಗೆ ಆಗುತ್ತೆ. ಸಕ್ಕರೆ ಕಾಯಿಲೆಯನ್ನೂ ಸೇರಿಸಿದೆವು. ಮೀನು, ದೀವಿಹಲಸು ಹೋಗಿ ಅಕ್ಕಿ, ಡಬ್ಬಿ ಮಾಂಸ ಬಂದ ಮೇಲೆ ಅಲ್ಲಿ ಕಾಲು ಕೊಳೆತು ಬರುವವರೇ ಜಾಸ್ತಿ. ಕಾಲಿನ ಹುಣ್ಣು ಬಿಟ್ಟು ಕುತ್ತಿಗೆ ಮಾತ್ರ ನೋಡುವ ಡಾಕ್ಟರನ್ನು ಎರಡನೇ ಸಲ ಯಾರೂ ಕರೆಯಲ್ಲ.

ಈಗ ಆ ಜನ ರಾಜಧಾನಿ ಮಜುರೋ, ಎಬೈ, ಹವಾಯಿ, ಅರ್ಕಾನ್ಸಾದ ಸ್ಪ್ರಿಂಗ್‌ಡೇಲ್ ಅಂತ ಹಂಚಿಹೋಗಿದ್ದಾರೆ. ಎಲ್ಲರಿಗೂ ಫೋನ್ ಮಾಡಿ ವಿಳಾಸ ಸರಿಮಾಡಿಕೊಂಡು ಇರಲು ಮಾರ್ಷಲೀಸ್ ಭಾಷೆ ಬಲ್ಲ ಇಬ್ಬರು ಬೇಕು ಅಂತ ಬರೆದೆ. ಹಡಗಿನ ಡೀಸೆಲ್ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಈ ಇಬ್ಬರ ಸಂಬಳದ ಬಗ್ಗೆ ಮಾತ್ರ ಪ್ರತಿ ಬಜೆಟ್ ಸಭೆಯಲ್ಲೂ ಕೇಳ್ತಾರೆ, ಇವರು ಯಾಕೆ ಬೇಕು ಅಂತ.