ಏಜೆಂಟಗ ಎಷ್ಟು ಕೊಟ್ರಿ?

ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ. ಸೌದಿಯಲ್ಲಿ ಲಾರಿ ಓಡಿಸಿ ಊರಿಗೆ ಮರಳಿದ್ದವರೊಬ್ಬರ ಮನೆಯ ಕಟ್ಟೆಯ ಮೇಲೆ ಕೂತು, "ಅಣ್ಣಾರ, ಏಜೆಂಟಗ ಎಷ್ಟು ಕೊಟ್ರಿ?" ಅಂತ ಕೇಳಿದೆ. "ಮೂವತ್ತು ಸಾವಿರ" ಅಂದರು, ಒಂದಿಷ್ಟೂ ತಡವರಿಸಲಿಲ್ಲ. ನಾನು ಬರೆದುಕೊಳ್ಳುತ್ತಿರುವಾಗಲೇ ಬಾಗಿಲ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ಹಂಗಾರ ನನ್ನ ಪಾಟ್ಲಿ ಎಲ್ಲಿಗಿ ಹೋದ್ವು?"

ಬಂಗಾರದ ಬಳೆಗಳ ಮಾತದು. ಅಣ್ಣಾರು ತಲೆ ತಗ್ಗಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು, "ಯಾರ್ ಕೇಳಿದ್ರೂ ಮೂವತ್ತೇ ಅನ್ನು ಅಂತ ಹೇಳಿ ಕಳಿಸ್ಯಾರ್ರಿ."

ಆ ಮೂವತ್ತು ಸಾವಿರ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ ಅದು: 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಾನು ಕೇಳಿದ್ದು ಅವರ ಖರ್ಚನ್ನು, ನನಗೆ ಸಿಕ್ಕಿದ್ದು ಕಾಯ್ದೆಯ ಸಾಲು.

ಕಲಬುರಗಿಯಲ್ಲಿ ಸಂಶೋಧನೆಗೆ ಸೇರಿದ ಮೊದಲ ವರ್ಷದ ಮಾತಿದು. ಗಲ್ಫಿಗೆ ಹೋಗಿಬರುವವರ ಖರ್ಚನ್ನು ಅಳೆಯಲು ಹೊರಟಿದ್ದೆ. ವಿಶ್ವಸಂಸ್ಥೆಯ ಸದಸ್ಯ ದೇಶಗಳು 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 10.7 ಎಂಬುದೊಂದಿದೆ. ಜನ ಸುರಕ್ಷಿತವಾಗಿ, ಕ್ರಮಬದ್ಧವಾಗಿ ವಲಸೆ ಹೋಗುವಂತಾಗಬೇಕು ಎಂಬುದು ಅದರ ಆಶಯ. ಅದರ ಮೊದಲ ಸೂಚಕ 10.7.1: ಕೆಲಸ ಪಡೆಯಲು ಕೆಲಸಗಾರ ತನ್ನ ಕೈಯಿಂದ ಹಾಕಿದ ಹಣ, ಅಲ್ಲಿ ಅವನಿಗೆ ಸಿಕ್ಕ ತಿಂಗಳ ಗಳಿಕೆಯ ಎಷ್ಟು ಪಟ್ಟು? ಗುರಿ ಒಪ್ಪಿಕೊಂಡ ದಿನ ಇದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ವಿಶ್ವಬ್ಯಾಂಕಿನಲ್ಲಿ ವಲಸೆಯ ಅಧ್ಯಯನ ಮಾಡುವ ನೋಮಾಡ್ (KNOMAD) ತಂಡ ಸೇರಿ ಹಲವು ದೇಶಗಳ ಕೆಲಸಗಾರರನ್ನು ಕೂರಿಸಿ ಕೇಳಿದವು. ಕತಾರ್, ಸೌದಿಗಳಿಂದ ಮರಳಿದ ಭಾರತೀಯರೂ ಅವರಲ್ಲಿದ್ದರು. ಅಂಥ ಸಮೀಕ್ಷೆಗಳ ಪಾಠದಿಂದಲೇ 2019ರ ಮಾರ್ಗಸೂಚಿ ಹುಟ್ಟಿತು. ಹಾಗಾಗಿ ಕಟ್ಟೆಯ ಮೇಲಿನ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಹೇಳುತ್ತೇನೆ. ಮೊದಲ ತಿಂಗಳ ಪಗಾರ ನಮ್ಮ ರೂಪಾಯಿಯಲ್ಲಿ 25,000 ಅಂದುಕೊಳ್ಳಿ. ಖರ್ಚು 30,000 ಎಂದು ಬರೆದರೆ ಸೂಚಕ 1.2. ನಿಜವಾದ ಖರ್ಚು 1,50,000 ಆಗಿದ್ದರೆ 6. ಅಂದರೆ ಆರು ತಿಂಗಳು ದುಡಿದದ್ದೆಲ್ಲ ಹೋಗುವ ಖರ್ಚಿಗೇ ಸರಿಹೋಯಿತು. ಮನುಷ್ಯ ಅವನೇ, ವೀಸಾ ಅದೇ, ಕೇಳುವ ರೀತಿಯೊಂದು ಬೇರೆ.

ಹೀಗಾಗಿ ಪ್ರಶ್ನಾವಳಿಯನ್ನು ಮತ್ತೆ ಮೊದಲಿಂದ ಬರೆದೆ. ರೊಕ್ಕ ಕೇಳುವುದನ್ನು ಬಿಟ್ಟು ದಾರಿ ಕೇಳತೊಡಗಿದೆ. ಪಾಸ್‌ಪೋರ್ಟ್ ಮಾಡಿಸಲು ಯಾರ ಜೊತೆ ಹೋದಿರಿ, ಹೈದರಾಬಾದಿಗೆ ಎಷ್ಟು ಸಲ ಓಡಾಡಿದಿರಿ, ರಾತ್ರಿ ಎಲ್ಲಿ ಉಳಿದಿರಿ, ಮೆಡಿಕಲ್ ಒಂದೇ ಸಲಕ್ಕೆ ಪಾಸಾಯಿತಾ, ಟಿಕೆಟ್ ಯಾರು ತೆಗೆದರು, ಊರಲ್ಲಿ ಮೊದಲು ಈ ಮಾತು ತಂದವರಿಗೆ ಏನಾದರೂ ಕೊಟ್ಟಿರಾ. ಈ ಕೊನೆಯದೇ ಗಂಟು. ಏಜೆಂಟನ ಪರವಾಗಿ ಊರಲ್ಲಿ ಜನ ಹುಡುಕುವ ಸಬ್ ಏಜೆಂಟ್ ಎಂಬುವನಿಗೆ ಕಾಯ್ದೆಯಲ್ಲಿ ಜಾಗವಿಲ್ಲ, ಆದರೆ ಹಳ್ಳಿಯಲ್ಲಿ ಇರುವವನು ಅವನೊಬ್ಬನೇ. ಅವನು ನೆಂಟನೋ ಗೆಳೆಯನೋ ಆಗಿರುತ್ತಾನೆ, ಅವನಿಗೆ ಕೊಟ್ಟದ್ದನ್ನು ಜನ ಖರ್ಚು ಎಂದೇ ಎಣಿಸುವುದಿಲ್ಲ.

ತಿಂಗಳು ನೆನಪಿಲ್ಲ ಅಂದವರಿಗೆ ತೊಗರಿ ರಾಶಿಗಿಂತ ಮೊದಲೋ ಆಮೇಲೋ, ಬಂದೇನವಾಜರ ಉರುಸಿಗೆ ಊರಲ್ಲಿದ್ದಿರಾ ಎಂದು ಕೇಳಿದರೆ ತಟ್ಟನೆ ಹೊಳೆಯುತ್ತದೆ. ಪಗಾರವನ್ನೂ ಕರಾರು ಪತ್ರದಲ್ಲಿ ಇದ್ದದ್ದು, ಕೈಗೆ ಬಂದದ್ದು ಎಂದು ಎರಡು ಸಲ ಬರೆದುಕೊಳ್ಳುತ್ತೇನೆ. ಸಾಲ ಮತ್ತು ಅಡವಿನ ಪ್ರಶ್ನೆಗಳನ್ನು ಮನೆಯ ಹೆಣ್ಣುಮಕ್ಕಳಿಗೇ ಕೇಳುತ್ತೇನೆ. ಬಡ್ಡಿ ಕಟ್ಟಿ ಬಂದವರು ಅವರು, ಮರೆತಿರುವುದಿಲ್ಲ. ಪಾಟ್ಲಿ ಕಳೆದುಕೊಂಡ ಆ ಅಕ್ಕ ನನಗೆ ತೊಲಿಯ ಲೆಕ್ಕ, ಅಂಗಡಿ, ಬಡ್ಡಿಯ ದರ ಎಲ್ಲವನ್ನೂ ಬೆರಳೆಣಿಸಿ ಹೇಳಿದರು.

ಇನ್ನೊಂದು ಬಗೆಯ ಸೂಚಕಗಳಿವೆ, ಅವು ಕಟ್ಟೆಗೆ ಬರುವುದಿಲ್ಲ, ಕಾಯ್ದೆ ಓದುತ್ತವೆ. ವಲಸಿಗರ ಕುರಿತ ನೀತಿಗಳನ್ನು ದೇಶವಾರು ಅಳೆಯುವ ಮಿಪೆಕ್ಸ್ (MIPEX) ಎಂಬ ಸೂಚ್ಯಂಕ ಅಂಥದ್ದು. 2020ರ ಆವೃತ್ತಿಯಲ್ಲಿ 56 ದೇಶಗಳ ನೀತಿಗಳನ್ನು ಕೆಲಸ, ಶಿಕ್ಷಣ, ಆರೋಗ್ಯ, ಪೌರತ್ವದಂಥ ಎಂಟು ವಿಷಯಗಳಲ್ಲಿ ತೂಗಿ 100ಕ್ಕೆ ಅಂಕ ಕೊಟ್ಟಿದ್ದಾರೆ. ಭಾರತಕ್ಕೆ 24. ಈ ಅಂಕ ನೋಡಿ ನಮ್ಮ ಗಲ್ಫ್ ಕೆಲಸಗಾರರ ಪಾಡು ಎಂದುಕೊಂಡು ನನ್ನ ಮೊದಲ ಕರಡಿನಲ್ಲಿ ಸೇರಿಸಿಬಿಟ್ಟಿದ್ದೆ. ನಮ್ಮ ಮಾರ್ಗದರ್ಶಕರು ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ, "ಅಂಕ ಆಮೇಲೆ ನೋಡವ್ವಾ, ಅವರು ಕೇಳಿದ ಪ್ರಶ್ನೆ ಮೊದಲು ಓದು" ಅಂದರು. ಓದಿದೆ. ಅದು ಭಾರತಕ್ಕೆ ಬಂದು ನೆಲೆಸಿದ ವಿದೇಶಿಯರ ಹಕ್ಕುಗಳ ಲೆಕ್ಕ, ಇಲ್ಲಿಂದ ಹೋದವರದ್ದಲ್ಲ. ಅವತ್ತಿನಿಂದ ಯಾವ ಸೂಚ್ಯಂಕ ಕಂಡರೂ ಮೊದಲು ಪ್ರಶ್ನಾವಳಿ ತೆರೆಯುತ್ತೇನೆ.

ಸುಸ್ಥಿರ ಅಭಿವೃದ್ಧಿಯ ಅದೇ 10.7ರ ಎರಡನೇ ಸೂಚಕ 10.7.2 ಕೂಡ ಹಾಗೆಯೇ, ಸರಕಾರಗಳನ್ನು ಕೇಳಿ ತುಂಬಿಸುವ ಸೂಚಕ. ವಲಸೆಗೆ ನೀತಿ ಇದೆಯೇ ಎಂದರೆ ಇದೆ ಎಂಬ ಉತ್ತರ ಬರುತ್ತದೆ, ಅದು ಸುಳ್ಳಲ್ಲ. 30,000ದ ಮಿತಿ ಕಾಗದದ ಮೇಲೆ ಇದ್ದೇ ಇದೆ. ಮಥಿಯಾಸ್ ಚೈಕಾ ಮತ್ತು ಹೈನ್ ಡಿ ಹಾಸ್ ಎಂಬ ವಿದ್ವಾಂಸರು 2013ರ ಲೇಖನವೊಂದರಲ್ಲಿ ಕಾಗದದ ನೀತಿಗೂ ಅದರ ಜಾರಿಗೂ ನಡುವಿನ ಅಂತರಕ್ಕೆ ಹೆಸರಿಟ್ಟು, ಅದನ್ನು ಬೇರೆಯಾಗಿಯೇ ನೋಡಬೇಕು ಎಂದರು. ನನಗೆ ಆ ಅಂತರ ಲೇಖನಕ್ಕಿಂತ ಮೊದಲೇ ಪಾಟ್ಲಿಯ ರೂಪದಲ್ಲಿ ಸಿಕ್ಕಿತ್ತು. ಖರ್ಚಿನದು, ಕಾಯ್ದೆಯದು ಎರಡೂ ಸೂಚಕಗಳು ಅಕ್ಕಪಕ್ಕ ಇದ್ದರೆ ಮಾತ್ರ ಅದು ಆಚೆಯವರಿಗೂ ಕಾಣುತ್ತದೆ. ಕಾಯ್ದೆಯ ಸೂಚಕ ಒಂದೇ ಇದ್ದರೆ ಬಸವಕಲ್ಯಾಣದ ಆ ಮನೆಯಲ್ಲಿ ಏನೂ ಆಗಿಲ್ಲ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀ ಎಂದು ಕೇಳಿದವರಿದ್ದಾರೆ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ 35 ಸೂಚಕಗಳನ್ನು ಜೋಡಿಸಿ ತಾಲ್ಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿತು. ಅನುದಾನದ ಚರ್ಚೆ ವರ್ಷಾನುಗಟ್ಟಲೆ ಆ ಪಟ್ಟಿಯನ್ನು ಹಿಡಿದೇ ನಡೆದಿದೆ. ಪಟ್ಟಿಯಲ್ಲಿ ಎಣಿಕೆಗೆ ಬಂದದ್ದಕ್ಕೆ ಹಣ ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬೆಳೆದವಳು ನಾನು.

ಈಗ ಇದೇ ಪ್ರಶ್ನಾವಳಿ ಹಿಡಿದು ಯಾದಗಿರಿಗೆ ಹೋಗುತ್ತಿದ್ದೇನೆ. ಅಲ್ಲಿ ಪಾಸ್‌ಪೋರ್ಟ್ ಇಲ್ಲ, ಗುಳೆ ಇದೆ. ರೊಕ್ಕವೂ ಉಲ್ಟಾ ಹರಿಯುತ್ತದೆ: ಕೆಲಸಗಾರ ಏಜೆಂಟನಿಗೆ ಕೊಡುವುದಿಲ್ಲ, ಮೇಸ್ತ್ರಿಯೇ ಮುಂಗಡ ಕೊಟ್ಟು ಕರೆದೊಯ್ಯುತ್ತಾನೆ, ಆ ಮುಂಗಡ ತೀರುವತನಕ ವಾಪಸ್ ಬರುವ ಮಾತಿಲ್ಲ. ಇಂಡಿಯಾ ಮೈಗ್ರೇಶನ್ ನೌ ಸಂಸ್ಥೆ ಮಿಪೆಕ್ಸ್ ಮಾದರಿಯಲ್ಲಿ ನಮ್ಮ ರಾಜ್ಯಗಳಿಗೂ ಒಂದು ಸೂಚ್ಯಂಕ ಕಟ್ಟಿದೆ. ಅದು ಅಂತರರಾಜ್ಯ ವಲಸಿಗರದ್ದು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1979ರ ವಲಸೆ ಕಾರ್ಮಿಕರ ಕಾಯ್ದೆಯೂ ಅಂತರರಾಜ್ಯದವರಿಗೇ ಇತ್ತು. ಪುಣೆಗೆ ಹೋದ ತಮ್ಮ ಅಂಥ ಎಣಿಕೆಗೆ ಬರುತ್ತಾನೆ, ಬೆಂಗಳೂರಿಗೆ ಹೋದ ಅಣ್ಣ ರಾಜ್ಯದ ಗಡಿಯನ್ನೇ ದಾಟಿಲ್ಲ. ಮುಂಗಡಕ್ಕೂ ಅಣ್ಣನಿಗೂ ಎರಡು ಹೊಸ ಕಾಲಂ ಹಾಕಿಕೊಂಡಿದ್ದೇನೆ. ಮೊದಲ ಪ್ರಶ್ನೆಯನ್ನೂ ಬದಲಿಸಿದ್ದೇನೆ: "ಮೇಸ್ತ್ರಿ ಎಷ್ಟು ಕೊಟ್ಟಾನ, ಇನ್ನಾ ಎಷ್ಟು ಮುರಿಸೋದದ?"